ಸಿಗರೇಟ್ ಕಾಲಂನಲ್ಲಿ ಸೊನ್ನೆ: ಪುಣೆಯ ಮಿಶ್ರಿ ಡಬ್ಬಿಯ ಕಥೆ

ಈ ವಾರದ ಮಾತಿನ ಬರಹ ರೂಪ ಇಲ್ಲಿದೆ. ವಿಡಿಯೋದಲ್ಲಿ ಹೇಳಿದ್ದಕ್ಕಿಂತ ಸ್ವಲ್ಪ ಜಾಸ್ತಿನೇ ಬರೆದಿದ್ದೀನಿ, ಯಾಕಂದ್ರೆ ಅಂಕಿಗಳನ್ನ ಕಿವಿಯಲ್ಲಿ ಕೇಳೋದಕ್ಕಿಂತ ಕಣ್ಣಲ್ಲಿ ಓದೋದು ಸುಲಭ.

ವಿಷಯ ಶುರುವಾಗಿದ್ದು ಆಫೀಸಿನ ಕ್ಯಾಂಟೀನಲ್ಲಿ. ಬಸುರಿಯಾಗಿದ್ದ ಗೆಳತಿಯೊಬ್ಬಳು ಕೇಳಿದ್ಳು: "ಬಡ ದೇಶಗಳಲ್ಲಿ ಗರ್ಭಿಣಿಯರು ಸಿಗರೇಟ್ ಸೇದೋದು ದೊಡ್ಡ ಸಮಸ್ಯೆ ಅಂತ ಓದಿದೆ. ನಮ್ಮಲ್ಲಿ ಯಾರು ಸೇದ್ತಾರೆ ಮಾರಾಯ್ತಿ?" ಒಳ್ಳೆ ಪ್ರಶ್ನೆ. ಅದಕ್ಕೆ ಉತ್ತರ ಹುಡುಕ್ತಾ ಹೋದ್ರೆ ಉತ್ತರಕ್ಕಿಂತ ಪ್ರಶ್ನೆಯ ಇತಿಹಾಸನೇ ಕುತೂಹಲದ್ದು ಅನ್ನಿಸ್ತು. ಯಾರು, ಯಾವಾಗ, ಯಾವ ಪದ ಬಳಸಿ ಈ ಪ್ರಶ್ನೆ ಕೇಳಿದ್ರು ಅನ್ನೋದರ ಇತಿಹಾಸ. ಅದರ ಒಂದು ದೊಡ್ಡ ಭಾಗ ನಾವೆಲ್ಲ ಹೊಟ್ಟೆಪಾಡಿಗೆ ಬಂದು ಕೂತಿರೋ ಈ ಪುಣೆಯಲ್ಲೇ ನಡೆದಿದೆ. ಇನ್ನೊಂದು ಭಾಗ ನಮ್ಮ ಬೆಳಗಾವಿ ಸೀಮೆಯಲ್ಲಿ.

ಮೊದಲು ಆ "ಬಡ ದೇಶಗಳ" ಅಧ್ಯಯನ. 2004–05ರಲ್ಲಿ ಒಂಬತ್ತು ದೇಶಗಳ ಸುಮಾರು 8,000 ಗರ್ಭಿಣಿಯರನ್ನ ಮಾತಾಡಿಸಿ ಒಂದು ಸರ್ವೆ ಮಾಡಿದ್ರು: ಅರ್ಜೆಂಟೀನಾ, ಉರುಗ್ವೆ, ಬ್ರೆಜಿಲ್, ಈಕ್ವೆಡಾರ್, ಗ್ವಾಟೆಮಾಲಾ, ಕಾಂಗೋ, ಜಾಂಬಿಯಾ, ಪಾಕಿಸ್ತಾನ, ಭಾರತ. ಫಲಿತಾಂಶ 2008ರಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯದ ಜರ್ನಲ್ಲಿನಲ್ಲಿ ಬಂತು. ಭಾರತದಿಂದ ಎರಡು ಕಡೆ ಇದ್ವು. ಒಂದು ಒಡಿಶಾ, ಇನ್ನೊಂದು ಕರ್ನಾಟಕ. ಕರ್ನಾಟಕದ ಕಡೆಯಿಂದ ಕೆಲಸ ಮಾಡಿದ್ದು ಬೆಳಗಾವಿಯ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜು. ಉರುಗ್ವೆಯಲ್ಲಿ ಗರ್ಭಿಣಿಯರ ಪೈಕಿ ಶೇ. 18ರಷ್ಟು ಜನ ಆಗ ಸಿಗರೇಟ್ ಸೇದ್ತಾ ಇದ್ರು. ನಮ್ಮ ಎರಡೂ ಕಡೆ ಸೇದೋರು ಇಲ್ಲವೆನ್ನುವಷ್ಟು ಕಡಿಮೆ.

ಇಷ್ಟೇ ನೋಡಿ ಫೈಲ್ ಮುಚ್ಚಿದ್ರೆ ನಾವು ಮೊದಲ ರ‍್ಯಾಂಕ್. ಆದರೆ ಆ ಸರ್ವೆಯವರು ಪುಣ್ಯಕ್ಕೆ ಇನ್ನೊಂದು ಕಾಲಂ ಇಟ್ಟಿದ್ರು: ಹೊಗೆ ಇಲ್ಲದ ತಂಬಾಕು. ಒಡಿಶಾದಲ್ಲಿ ಅದರ ಉತ್ತರ ಮೂವರಲ್ಲಿ ಒಬ್ಬರು. ಮೂವರು ಗರ್ಭಿಣಿಯರಲ್ಲಿ ಒಬ್ಬರು ತಂಬಾಕನ್ನ ಬಾಯಲ್ಲಿಟ್ಟುಕೊಳ್ತಿದ್ರು. ಆ ಕಾಲಂ ಇಲ್ಲದಿದ್ರೆ ಅಷ್ಟೂ ಹೆಂಗಸರು "ಇಲ್ಲ" ಅಂತ ದಾಖಲಾಗ್ತಿದ್ರು. ನಮ್ಮ ಕೆಲಸದಲ್ಲಿ ಇದನ್ನ ಚೆನ್ನಾಗಿ ನೋಡಿದ್ದೀವಿ. ಫಾರ್ಮಿನಲ್ಲಿ ಜಾಗವೇ ಇಲ್ಲದ ಮಾಹಿತಿ ಡೇಟಾಬೇಸಿನಲ್ಲಿ ಸೊನ್ನೆ ಆಗಿ ಕೂತ್ಕೊಳ್ಳುತ್ತೆ, ಆಮೇಲೆ ಯಾರೋ ಬಂದು ಆ ಸೊನ್ನೆಗೆ ಚಂದದ ಗ್ರಾಫ್ ಎಳೀತಾರೆ.

ಪುಣೆಯಲ್ಲಿ ಆ ಕಾಲಂನ ಹೆಸರು ಮಿಶ್ರಿ. ಮಶೇರಿ ಅಂತಾನೂ ಅಂತಾರೆ. ಹಿಂದಿಯ ಮಿಸ್ರಿ, ಅಂದ್ರೆ ಕಲ್ಲುಸಕ್ಕರೆ, ಅದಲ್ಲ. ಒಣಗಿದ ತಂಬಾಕಿನ ಎಲೆಯನ್ನ ತವೆ ಮೇಲೆ ಹಾಕಿ ಕರ್ರಗಾಗೋವರೆಗೂ ಹುರೀತಾರೆ, ಆರಿದ ಮೇಲೆ ಪುಡಿ ಮಾಡಿ ಪುಟ್ಟ ಡಬ್ಬಿಗೆ ತುಂಬ್ತಾರೆ. ಮುಂಜಾನೆ ಎದ್ದು ತೋರುಬೆರಳಲ್ಲಿ ಹಲ್ಲಿಗೆ, ವಸಡಿಗೆ ಹಚ್ಚಿ ತಿಕ್ಕೋದು. ಶುರುವಾಗೋದು ಹಲ್ಲುಜ್ಜೋಕೆ, ಆಮೇಲೆ ಮಧ್ಯಾಹ್ನ ಒಮ್ಮೆ, ಊಟ ಆದಮೇಲೆ ಒಮ್ಮೆ, ಮಲಗೋ ಮುಂಚೆ ಒಮ್ಮೆ. ವಾಕಡ್, ಹಿಂಜೇವಾಡಿ ಕಡೆ ಸೊಸೈಟಿ ಗೇಟಿನ ಹತ್ತಿರ ಬೆಳಿಗ್ಗೆ ಮನೆಗೆಲಸಕ್ಕೆ ಬರೋ ಹೆಂಗಸರು ಕಟ್ಟೆ ಮೇಲೆ ಎರಡು ನಿಮಿಷ ಕೂತು ಸೆರಗಿನ ಗಂಟಿಂದ ಒಂದು ಡಬ್ಬಿ ತೆಗೆಯೋದನ್ನ ನೋಡಿರ್ತೀರಿ. ಅದೇ ಇದು.

ಭಾಷೆ ಇಲ್ಲಿ ಬಹಳ ಕೆಲಸ ಮಾಡುತ್ತೆ. ಸಿಗರೇಟನ್ನ "ಸೇದ್ತೀವಿ". ಹೊಗೆಸೊಪ್ಪನ್ನ ಎಲೆ ಅಡಿಕೆ ಜೊತೆ "ಹಾಕ್ಕೊಳ್ತೀವಿ". ಮಿಶ್ರಿಯನ್ನ ಮರಾಠಿಯಲ್ಲಿ "ಲಾವತಾತ್", ಅಂದ್ರೆ ಹಚ್ಚುತ್ತಾರೆ. ನಮ್ಮ ಕಡೆಯವರು "ತಿಕ್ಕುತ್ತಾರೆ". ಹಲ್ಲು ತಿಕ್ಕೋದಕ್ಕೂ ಅದೇ ಕ್ರಿಯಾಪದ. ಹಾಗಾಗಿ ಅದು ಚಟ ಅನ್ನೋ ಪಟ್ಟಿಗೇ ಬರಲ್ಲ, ಸ್ನಾನ, ಪೂಜೆ, ಕಸಬರಿಗೆ ಅನ್ನೋ ದಿನಚರಿಯ ಪಟ್ಟಿಗೆ ಸೇರುತ್ತೆ.

ನಮ್ಮ ಮನೆಗೆ ಅಡುಗೆ ಮಾಡೋಕೆ ಬರ್ತಿದ್ದಾಕೆ ವಿಜಯಪುರ ಜಿಲ್ಲೆಯವಳು, ಕನ್ನಡದವಳು. ಆರು ತಿಂಗಳ ಬಸುರಿಯಿದ್ದಾಗ ತಪಾಸಣೆಗೆ ಹೋಗಿ ಬಂದಳು. "ಬೀಡಿ ಸಿಗರೇಟ ಸೇದ್ತೀಯೇನು ಅಂತ ಕೇಳಿದ್ರ್ರೀ ಅಕ್ಕಾರ" ಅಂತ ನಗ್ತಾ ಹೇಳಿದಳು. "ನಾವೇನ್ ಅಂಥ ಮಂದೀನಾ? ಇಲ್ಲ ಅಂದ್ನಿ." ಮತ್ತೆ ಮಿಶ್ರಿ? "ಅದೇನ್ ಸೇದೂದಲ್ಲಲ್ರೀ, ಹಲ್ಲ ತಿಕ್ಕೂದು. ಅದಿಲ್ಲಂದ್ರ ನಾಕ್ ಮನಿ ಕೆಲಸ ಮುಗಿಯೂತನ ಹಸಿವಿ ತಡಕೊಳ್ಳಾಕ ಆಗೂದಿಲ್ಲ." ಆಕೆ ಸುಳ್ಳು ಹೇಳಿರಲಿಲ್ಲ. ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರವನ್ನೇ ಕೊಟ್ಟಿದ್ದಳು.

"ನಾವೇನ್ ಅಂಥ ಮಂದೀನಾ" ಅನ್ನೋ ಮಾತಿಗೆ ನಾಲ್ಕು ಶತಮಾನದ ಬೇರು ಇದೆ, ಸ್ವಲ್ಪ ಹಿಂದಕ್ಕೆ ಹೋಗೋಣ. ತಂಬಾಕು ಅಮೆರಿಕ ಖಂಡದ ಗಿಡ. ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಬಂತು. ಅಕ್ಬರನ ಆಸ್ಥಾನಕ್ಕೆ ಅದು ಹೋಗಿದ್ದು ಎಲ್ಲಿಂದ ಗೊತ್ತಾ? ನಮ್ಮ ಬಿಜಾಪುರದಿಂದ! ಅಕ್ಬರನ ರಾಯಭಾರಿ ಅಸದ್ ಬೇಗ್ ಆದಿಲ್‌ಶಾಹಿ ಬಿಜಾಪುರಕ್ಕೆ ಬಂದಾಗ ತಂಬಾಕನ್ನ ಕಂಡ, 1604–05ರ ಹೊತ್ತಿಗೆ ಒಂದು ಅಲಂಕಾರದ ಕೊಳವೆ ಸಮೇತ ತಗೊಂಡು ಹೋಗಿ ಬಾದಶಹನ ಮುಂದಿಟ್ಟ. ಹಕೀಮರು ಬೇಡ ಅಂದ್ರೂ ಅಕ್ಬರ್ ಒಂದೆರಡು ದಮ್ಮು ಎಳೆದ. 1617ರಲ್ಲಿ ಜಹಾಂಗೀರ ಅದನ್ನ ನಿಷೇಧಿಸಿದ. ಯಾರೂ ಕೇಳಲಿಲ್ಲ ಅನ್ನೋದನ್ನ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿಂದ ಮುಂದೆ ಹೊಗೆ ಹೆಚ್ಚಾಗಿ ಗಂಡಸರ ಪಾಲಾಯ್ತು. ಹುಕ್ಕಾ ಪಡಸಾಲೆಯಲ್ಲಿ, ಬೀಡಿ ಚಹಾದಂಗಡಿಯಲ್ಲಿ. ಹೆಂಗಸರ ಪಾಲಿಗೆ ಬಂದಿದ್ದು ಹೊಗೆ, ವಾಸನೆ, ಕಿಡಿ ಕಾಣಿಸದ ರೂಪಗಳು. ಅಪವಾದ ಇದೆ. ಕರಾವಳಿ ಆಂಧ್ರದ ಶ್ರೀಕಾಕುಳಂ ಕಡೆ ಹೆಂಗಸರು ಚುಟ್ಟಾ ಸೇದ್ತಾರೆ, ಅದೂ ಉರಿಯೋ ತುದಿಯನ್ನ ಬಾಯೊಳಗೆ ಇಟ್ಟುಕೊಂಡು. ಆದರೆ ಅಲ್ಲೂ ಸಿಗರೇಟ್ ಅಲ್ಲ.

ಪಶ್ಚಿಮದಲ್ಲಿ ಕಥೆ ಉಲ್ಟಾ. ಅಲ್ಲಿ ಹೆಂಗಸರ ಕೈಗೆ ಸಿಗರೇಟ್ ಕೊಟ್ಟಿದ್ದು ಜಾಹೀರಾತು. 1929ರಲ್ಲಿ ನ್ಯೂಯಾರ್ಕಿನ ಈಸ್ಟರ್ ಮೆರವಣಿಗೆಯಲ್ಲಿ ಎಡ್ವರ್ಡ್ ಬರ್ನೇಸ್ ಅನ್ನೋ ಪ್ರಚಾರ ತಜ್ಞ ಯುವತಿಯರ ಕೈಗೆ ಸಿಗರೇಟ್ ಕೊಟ್ಟು, ಅದನ್ನ ಸ್ವಾತಂತ್ರ್ಯದ ಪಂಜು ಅಂತ ಕರೆಸಿದ. ಮೂರು ದಶಕದಲ್ಲಿ ಬಸುರಿಯರೂ ಸೇದ್ತಾ ಇದ್ರು. 1957ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋ ಆಸ್ಪತ್ರೆಗಳ ದಾಖಲೆ ಹಿಡಿದು ಸಿಂಪ್ಸನ್ ಅನ್ನೋರು, ಸೇದೋ ತಾಯಂದಿರಿಗೆ ತೂಕ ಕಡಿಮೆಯ, ದಿನ ತುಂಬದ ಕೂಸುಗಳು ಜಾಸ್ತಿ ಹುಟ್ತವೆ ಅಂತ ತೋರಿಸಿದ್ರು. ಗರ್ಭ ಮತ್ತು ತಂಬಾಕಿನ ವಿಜ್ಞಾನ ಅಲ್ಲಿಂದ ಬೆಳೆಯಿತು, ಹಾಗಾಗಿ ಅದರ ಪ್ರಶ್ನಾವಳಿಯೂ ಅಲ್ಲಿಯದ್ದೇ. "ದಿನಕ್ಕೆ ಎಷ್ಟು ಸಿಗರೇಟ್?" ನಮ್ಮ ಕಾನೂನೂ ಅದೇ ಅಚ್ಚಿನಲ್ಲಿ ಬಂತು. 1975ರ ಕಾಯ್ದೆ ಎಚ್ಚರಿಕೆ ಮುದ್ರಿಸಬೇಕು ಅಂದಿದ್ದು ಸಿಗರೇಟ್ ಪ್ಯಾಕಿನ ಮೇಲೆ ಮಾತ್ರ. ಬೀಡಿಗೆ ಇಲ್ಲ, ಮಿಶ್ರಿಗಂತೂ ಇಲ್ಲವೇ ಇಲ್ಲ.

ಈಗ ಪುಣೆಗೆ ಬರೋಣ. ಮುಂಬೈನ ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಫಂಡಮೆಂಟಲ್ ರಿಸರ್ಚ್ ಅಂದ್ರೆ ನಮಗೆ ಭೌತಶಾಸ್ತ್ರ, ಗಣಿತ, ಹಳೇ ಕಂಪ್ಯೂಟರುಗಳು ನೆನಪಾಗ್ತವೆ. ಅಲ್ಲೊಂದು ದಂತ ಸಂಶೋಧನಾ ಘಟಕವೂ ಇತ್ತು, ಅದನ್ನ ನಡೆಸ್ತಿದ್ದವರು ಡಾ. ಫಲಿ ಮೆಹ್ತಾ. ಬಾಯಿ ಕ್ಯಾನ್ಸರಿನ ಮೂಲ ಹುಡುಕೋಕೆ ಅವರ ತಂಡ 1960ರ ದಶಕದಲ್ಲಿ ದೇಶದ ಹಲವು ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಮನೆಗೆ ಹೋಯ್ತು. ಎಲ್ಲಕ್ಕಿಂತ ದೊಡ್ಡ ಎಣಿಕೆ ಪುಣೆ ಜಿಲ್ಲೆಯದ್ದು: 1,01,761 ಜನ. ಲ್ಯಾಪ್‌ಟಾಪ್ ಇಲ್ಲದ ಕಾಲದಲ್ಲಿ ಒಂದು ಲಕ್ಷ ಜನರ ಬಾಯಿ ತೆರೆಸಿ ನೋಡಿ, ಯಾವ ತಂಬಾಕು, ಯಾವ ರೂಪದಲ್ಲಿ ಅಂತ ಬರೆದುಕೊಂಡಿದ್ದಾರೆ. 1972ರಲ್ಲಿ ಪ್ರಕಟವಾಯ್ತು. ಆ ಎಣಿಕೆಯಲ್ಲಿ ಮಿಶ್ರಿ ಹಚ್ಚೋ ಗಂಡಸರು ಶೇ. 1ಕ್ಕಿಂತ ಕಡಿಮೆ. ಹೆಂಗಸರು ಸುಮಾರು ಶೇ. 39.

ಈ ಎರಡು ಸಂಖ್ಯೆಗಳನ್ನ ಪಕ್ಕಪಕ್ಕ ಇಟ್ಟು ನೋಡಿ. ಇಡೀ ಜಿಲ್ಲೆಯಲ್ಲಿ ಐದು ಹೆಂಗಸರಲ್ಲಿ ಇಬ್ಬರ ಹತ್ತಿರ ಹತ್ತಿರ ತಂಬಾಕು ಬಳಸ್ತಿದ್ರು, ಸಿಗರೇಟ್ ಎಣಿಸಿದ್ರೆ ಒಬ್ಬರೂ ಸಿಗ್ತಿರಲಿಲ್ಲ ಅನ್ನೋ ಸ್ಥಿತಿ. ಇದು ಕಂಡಿದ್ದು ಯಾಕೆ? ಕೇಳಿದವರು ದಂತವೈದ್ಯರು. ಹಲ್ಲಿಗೆ ಏನು ಹಚ್ಚುತ್ತೀರಿ ಅಂತ ಕೇಳೋದು ಅವರ ಕಸುಬು.

ಆದರೆ ಅವರು ಹುಡುಕ್ತಿದ್ದಿದ್ದು ಕ್ಯಾನ್ಸರನ್ನ. ಹೊಟ್ಟೆಯಲ್ಲಿರೋ ಕೂಸಿನ ಪ್ರಶ್ನೆ ನಿಧಾನಕ್ಕೆ ಬಂತು. 1978ರಲ್ಲಿ ಬ್ರಿಟನ್ನಿನ ಪ್ರಸೂತಿ ಜರ್ನಲ್ಲಿನಲ್ಲಿ ಕೆ. ಕೃಷ್ಣ ಅನ್ನೋರ ಚಿಕ್ಕ ಲೇಖನ ಬಂತು. ತಂಬಾಕು ಅಗಿಯೋ ಭಾರತೀಯ ತಾಯಂದಿರ ಕೂಸುಗಳ ತೂಕ 100ರಿಂದ 200 ಗ್ರಾಂ ಕಡಿಮೆ ಅಂತ. ಸೇದದೇ ಇದ್ರೂ ಪರಿಣಾಮ ಇದೆ ಅನ್ನೋ ಸುಳಿವು ಅದು. ಆಮೇಲೂ ಕೆಲವು ಆಸ್ಪತ್ರೆ ಅಧ್ಯಯನಗಳು ಬಂದ್ವು. ಆದರೆ ಆಸ್ಪತ್ರೆಗೆ ಬಂದವರನ್ನಷ್ಟೇ ಎಣಿಸಿದ್ರೆ ಒಂದು ತೊಂದರೆ ಇದೆ: ಬರದೇ ಇದ್ದವರ ಕಥೆ ಏನು?

ಅದಕ್ಕೆ ಉತ್ತರ ಕೊಟ್ಟವರ ಹೆಸರು ನೋಡಿದಾಗ ನನಗೆ ಖುಷಿಯಾಯ್ತು. ಪುಣೆ ಜಿಲ್ಲೆಯ ಆ 1972ರ ಲೇಖನದ ಲೇಖಕರಲ್ಲಿ ಮೆಹ್ತಾ ಅವರ ಜೊತೆಗಿದ್ದ ಸಂಖ್ಯಾಶಾಸ್ತ್ರಜ್ಞ ಪ್ರಕಾಶ್ ಸಿ. ಗುಪ್ತಾ. ವೈದ್ಯರಲ್ಲ, ನಮ್ಮ ಹಾಗೆ ಲೆಕ್ಕದ ಮನುಷ್ಯ. ಅದೇ ಗುಪ್ತಾ 32 ವರ್ಷಗಳ ನಂತರ, 2004ರಲ್ಲಿ, ಎಸ್. ಶ್ರೀವಿದ್ಯಾ ಅವರ ಜೊತೆ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಗರ್ಭಿಣಿಯರ ಅಧ್ಯಯನ ಪ್ರಕಟಿಸಿದ್ರು. ಮುಂಬೈನಲ್ಲಿ ಮನೆಮನೆಗೆ ಹೋಗಿ 3ರಿಂದ 7 ತಿಂಗಳು ತುಂಬಿದ 1,217 ಗರ್ಭಿಣಿಯರನ್ನ ಹುಡುಕಿ, ಹೆರಿಗೆಯವರೆಗೆ ಹಿಂಬಾಲಿಸಿದ್ರು. ಶೇ. 17ರಷ್ಟು ಜನ ಹೊಗೆಯಿಲ್ಲದ ತಂಬಾಕು ಬಳಸ್ತಿದ್ರು, ಅದರಲ್ಲಿ ಹೆಚ್ಚಿನದು ಮಿಶ್ರಿ. ಬಳಸೋರ ಕೂಸುಗಳ ತೂಕ ಸರಾಸರಿ 105 ಗ್ರಾಂ ಕಡಿಮೆ, ಹೆರಿಗೆ ಸರಾಸರಿ ಆರು ದಿನ ಮುಂಚೆ.

105 ಗ್ರಾಂ ಅಷ್ಟೇನಾ ಅನ್ನಿಸಬಹುದು. ಒಂದು ಸೋಪಿನ ತೂಕ. ಸರಾಸರಿ ಮೋಸ ಮಾಡೋದು ಇಲ್ಲೇ. 2,500 ಗ್ರಾಂಗಿಂತ ಕಡಿಮೆ ಇದ್ರೆ ಕಡಿಮೆ ತೂಕದ ಕೂಸು ಅಂತ ಲೆಕ್ಕ. ಭಾರತದಲ್ಲಿ ಸರಾಸರಿ ಹುಟ್ಟಿನ ತೂಕವೇ ಸುಮಾರು 2,800 ಗ್ರಾಂ. ಅಂದ್ರೆ ನಮ್ಮ ಕೂಸುಗಳು ಮೊದಲೇ ಅಂಚಿನ ಹತ್ತಿರ ನಿಂತಿವೆ. ಇಡೀ ಗುಂಪನ್ನ 105 ಗ್ರಾಂ ಎಡಕ್ಕೆ ತಳ್ಳಿದ್ರೆ ಅಂಚಿನಲ್ಲಿದ್ದ ಎಷ್ಟೋ ಕೂಸುಗಳು ಆಚೆ ಬೀಳ್ತವೆ. ನಾರ್ವೆಯ ಕೂಸಿಗೆ 105 ಗ್ರಾಂ ಕಳಕೊಳ್ಳೋದೂ ನಮ್ಮ ಕೂಸಿಗೆ ಕಳಕೊಳ್ಳೋದೂ ಒಂದೇ ಅಲ್ಲ.

"ಬಡವರು, ರಕ್ತಹೀನತೆ ಇರೋರು, ಹೊಟ್ಟೆಗಿಲ್ಲದವರು ಮಿಶ್ರಿ ಹಚ್ಚುತ್ತಾರೆ, ತೂಕ ಕಡಿಮೆಯಾಗೋದು ಬಡತನದಿಂದ ಇರಬಹುದಲ್ಲ?" ಅಂತ ನಿಮ್ಮಲ್ಲಿ ಯಾರಾದ್ರೂ ಕೇಳೇ ಕೇಳ್ತೀರಿ. ಸರಿಯಾದ ಆಕ್ಷೇಪಣೆ. ಅದನ್ನೆಲ್ಲ ಲೆಕ್ಕದಲ್ಲಿ ಸರಿದೂಗಿಸಿದ ಮೇಲೆ ಉಳಿದಿದ್ದು ಈ 105. ದಾರಿಯೂ ಅರ್ಥವಾಗುವಂಥದ್ದೇ: ನಿಕೋಟಿನ್ ವಸಡಿನ ತೆಳು ಚರ್ಮದಿಂದ ನೇರ ರಕ್ತಕ್ಕೆ ಇಳಿಯುತ್ತೆ, ರಕ್ತನಾಳಗಳನ್ನ ಬಿಗಿ ಮಾಡುತ್ತೆ, ಮಾಸು ದಾಟಿ ಕೂಸಿಗೂ ಹೋಗುತ್ತೆ. ಹೊಗೆಯಲ್ಲಿರೋ ಕಾರ್ಬನ್ ಮಾನಾಕ್ಸೈಡ್ ಇಲ್ಲಿ ಇಲ್ಲ ನಿಜ. ಆದರೆ ಹುರಿಯೋದ್ರಿಂದ ಬೆಂಜೋಪೈರೀನಿನಂಥ ಸುಟ್ಟ ವಿಷಗಳು ಪುಡಿಯಲ್ಲೇ ಸೇರಿರ್ತವೆ.

2006ರಲ್ಲಿ ಗುಪ್ತಾ ಮತ್ತು ಶ್ರೀವಿದ್ಯಾ ಅದೇ ಮುಂಬೈ ತಾಯಂದಿರ ಬಗ್ಗೆ ಇನ್ನೊಂದು ಲೇಖನ ಬರೆದ್ರು. ಅದರಲ್ಲಿ ತೂಕದ ಮಾತಿಲ್ಲ. ತಂಬಾಕು ಬಳಸೋರಲ್ಲಿ ಕೂಸು ಹೊಟ್ಟೆಯಲ್ಲೇ ತೀರಿಹೋಗೋ ಸಾಧ್ಯತೆ ಸುಮಾರು ಎರಡೂವರೆ ಪಟ್ಟು. ವಿಡಿಯೋದಲ್ಲಿ ಈ ವಾಕ್ಯ ಓದಿದ ಮೇಲೆ ಸ್ವಲ್ಪ ಹೊತ್ತು ರೆಕಾರ್ಡಿಂಗ್ ನಿಲ್ಲಿಸಿದ್ದೆ. 2010ರಲ್ಲಿ ಮಹಾರಾಷ್ಟ್ರದವರೇ ಆದ ಡಾ. ಆಶಾ ಪ್ರತಿನಿಧಿ ಮತ್ತು ಸಂಗಡಿಗರು ಬರೀ ಮಿಶ್ರಿಯನ್ನೇ ಹಿಡಿದು, ಬಸುರಿನಲ್ಲಿ ಅದರ ಬಳಕೆ, ಹೆರಿಗೆಯ ಮೇಲೆ ಅದರ ಪರಿಣಾಮದ ಬಗ್ಗೆ ಲೇಖನ ಪ್ರಕಟಿಸಿದ್ರು. ಆ ಹೊತ್ತಿಗೆ ಮಿಶ್ರಿ ಅನ್ನೋ ಪದ ಶೀರ್ಷಿಕೆಯಲ್ಲೇ ಬಂದಿತ್ತು. ಸಿಂಪ್ಸನ್ ಅವರಿಂದ ಅಲ್ಲಿಗೆ 53 ವರ್ಷ.

ಈಗ ಹೈವೇ ಹಿಡಿದು ಸ್ವಲ್ಪ ದಕ್ಷಿಣಕ್ಕೆ ಹೋಗೋಣ, ಯಾಕಂದ್ರೆ ತಂಬಾಕು ಹೆಂಗಸರ ಮೈ ಸೇರೋಕೆ ಬಾಯಿ ಒಂದೇ ದಾರಿ ಅಲ್ಲ. ಊರಿಗೆ ಹೋಗೋವಾಗ ಕೊಲ್ಹಾಪುರ ದಾಟಿದ ಮೇಲೆ ನಡುರಾತ್ರಿ ಬಸ್ಸು ಕರ್ನಾಟಕಕ್ಕೆ ಕಾಲಿಡೋದು ನಿಪ್ಪಾಣಿ ಹತ್ತಿರ. ನಾವು ನಿದ್ದೆಯಲ್ಲಿ ದಾಟಿಬಿಡ್ತೀವಿ. ಬೀಡಿ ತಂಬಾಕಿಗೆ ಹೆಸರಾದ ಊರದು. 1981ರಲ್ಲಿ ತಂಬಾಕಿಗೆ ಒಳ್ಳೆ ಬೆಲೆ ಬೇಕು ಅಂತ ರೈತರು ಇದೇ ಪುಣೆ–ಬೆಂಗಳೂರು ರಸ್ತೆ ಮೇಲೆ ಕೂತ್ರು. ಮುಂದಾಳು ಶರದ್ ಜೋಶಿ, ಪುಣೆ ಪಕ್ಕದ ಚಾಕಣದಲ್ಲಿ ಈರುಳ್ಳಿ ಚಳವಳಿ ಮಾಡಿ ಬಂದವರು. ಆಗ ಗುಂಡೂರಾವ್ ಸರ್ಕಾರ. ಏಪ್ರಿಲ್ 6ಕ್ಕೆ ಪೊಲೀಸರ ಗುಂಡಿಗೆ 12 ಜನ ಸತ್ತರು. ಈ ಕಥೆ ಗೊತ್ತಿರೋರು ಇದ್ದಾರೆ. ಗೊತ್ತಿಲ್ಲದ ಕಥೆ ಅದೇ ಊರಿನ ಕಾರ್ಖಾನೆಗಳ ಒಳಗಿನದ್ದು. ಒಣಗಿದ ಎಲೆ, ಕಡ್ಡಿ ಬಡಿದು, ಜರಡಿ ಹಿಡಿದು, ಪುಡಿ ಬೇರ್ಪಡಿಸೋ ಕೆಲಸ ಮಾಡ್ತಿದ್ದವರು ಹೆಂಗಸರು. ದಿನವಿಡೀ ತಂಬಾಕಿನ ಧೂಳಲ್ಲಿ. ಬಸುರಿ ಇರಲಿ, ಬಾಣಂತಿ ಇರಲಿ, ಉಸಿರಾಡಿದ್ರೆ ಸಾಕು, ಮೂಗಿನೊಳಗೆ ತಂಬಾಕು. ಅವರು ಸಂಘ ಕಟ್ಟಿದ್ರು. ಛಾಯಾ ದಾತಾರ್ ಅವರ ಬಗ್ಗೆ 1989ರಲ್ಲಿ ಪುಸ್ತಕ ಬರೆದ್ರು.

ಅದಕ್ಕೂ ಮುಂಚೆ ಬೆಂಗಳೂರಿನ ಯುಗಾಂತರ್ ಅನ್ನೋ ಸ್ತ್ರೀವಾದಿ ಫಿಲ್ಮ್ ತಂಡ, ದೀಪಾ ಧನರಾಜ್ ಮತ್ತು ಸಂಗಡಿಗರು, ನಿಪ್ಪಾಣಿಯ ಈ ಹೆಂಗಸರ ಮೇಲೆ 1982ರಲ್ಲಿ ಒಂದು ಡಾಕ್ಯುಮೆಂಟರಿ ಮಾಡಿತ್ತು: "ತಂಬಾಕು ಚಾಕೀಲಾ ಊಬ್ ಆಲಿ". ಅದಕ್ಕೂ ಹಿಂದಿನ ವರ್ಷ ಆ ತಂಡ ಮಾಡಿದ ಮೊದಲ ಚಿತ್ರ "ಮೋಲಕರಿನ್", ಪುಣೆಯ ಮನೆಗೆಲಸದ ಹೆಂಗಸರು 1980ರ ಮುಷ್ಕರದ ನಂತರ ಸಂಘಟಿತರಾದ ಕಥೆ. ಎರಡನ್ನೂ ಒಂದೇ ಸಂಜೆ ನೋಡಿ, ಇಂಥ ಜೋಡಿ ಚಿತ್ರ ನನಗೆ ಬೇರೆ ಗೊತ್ತಿಲ್ಲ. ಪುಣೆಯ ತವೆ ಮೇಲಿನ ಎಲೆ ನಿಪ್ಪಾಣಿಯದ್ದೇ ಅಂತ ನಾನು ಹೇಳ್ತಿಲ್ಲ, ನಿಪ್ಪಾಣಿಯದ್ದು ಮುಖ್ಯವಾಗಿ ಬೀಡಿಗೆ. ಒಬ್ಬಳು ಕೂಲಿಗೋಸ್ಕರ ತಂಬಾಕಿನ ಧೂಳು ಕುಡೀತಾಳೆ, ಇನ್ನೊಬ್ಬಳು ನಾಲ್ಕು ಮನೆ ಕೆಲಸ ಮುಗಿಸೋ ಹಸಿವಿಗೋಸ್ಕರ ಅದನ್ನ ವಸಡಿಗೆ ಹಚ್ಚುತ್ತಾಳೆ. ಸಿಗರೇಟ್ ಎಣಿಸೋ ಫಾರ್ಮಿನಲ್ಲಿ ಇಬ್ಬರೂ ಸೊನ್ನೆ.

ಕಾನೂನು ಏನು ಮಾಡ್ತು? 1992ರಲ್ಲಿ ಕೇಂದ್ರ ಸರ್ಕಾರ ಹಲ್ಲುಪುಡಿ, ಟೂತ್‌ಪೇಸ್ಟ್‌ಗಳಲ್ಲಿ ತಂಬಾಕು ಇರಕೂಡದು ಅಂತ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯಡಿ ಆದೇಶ ಹೊರಡಿಸ್ತು. ತಯಾರಕರು ಕೋರ್ಟಿಗೆ ಹೋದ್ರು. 1997ರಲ್ಲಿ ಲಕ್ಷ್ಮೀಕಾಂತ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನಿಷೇಧವನ್ನ ಎತ್ತಿಹಿಡೀತು. ಚೆನ್ನಾಗಿದೆ. ಆಮೇಲೆ 2003ರ ತಂಬಾಕು ಕಾಯ್ದೆ ಬಂತು, ಅದರ ಕೊನೆಯಲ್ಲಿ ತಂಬಾಕು ಉತ್ಪನ್ನಗಳ ಪಟ್ಟಿ ಇದೆ, ಒಟ್ಟು ಹತ್ತು. ಹತ್ತನೆಯದು ತಂಬಾಕಿರೋ ಹಲ್ಲುಪುಡಿ! ಒಂದು ಕಾನೂನು ಇರಲೇಬಾರದು ಅನ್ನುತ್ತೆ, ಇನ್ನೊಂದು ಎಚ್ಚರಿಕೆ ಅಂಟಿಸಿ ಮಾರಬೇಕಾದ ಸರಕುಗಳ ಪಟ್ಟಿಗೆ ಸೇರಿಸುತ್ತೆ. ಇಂಥ ಕೋಡ್ ಬರೆದ್ರೆ ನಮ್ಮ ರಿವ್ಯೂನಲ್ಲಿ ಪಾಸಾಗ್ತಿರಲಿಲ್ಲ. ಮಿಶ್ರಿಯ ಹೆಂಗಸಿಗೆ ಇವೆರಡರಿಂದಲೂ ವ್ಯತ್ಯಾಸ ಕಡಿಮೆ. ಅಂಗಡಿಯಲ್ಲಿ ಅವಳು ಕೊಳ್ಳೋದು ಹಲ್ಲುಪುಡಿ ಅಲ್ಲ, ಬರೀ ಎಲೆ. ಹಲ್ಲುಪುಡಿ ಆಗೋದು ಅವಳ ಒಲೆ ಮೇಲೆ.

ಹಾಗಂತ ಎಲ್ಲಾ ಕತ್ತಲೆ ಅಲ್ಲ. ದೇಶದ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ 2009–10ರಲ್ಲಿ ಹೊಗೆಯಿಲ್ಲದ ತಂಬಾಕು ಬಳಸೋ ಹೆಂಗಸರು ಶೇ. 18.4 ಇದ್ದದ್ದು 2016–17ಕ್ಕೆ ಶೇ. 12.8ಕ್ಕೆ ಇಳೀತು. ಸೇದೋ ಹೆಂಗಸರು ಶೇ. 2.9ರಿಂದ 2ಕ್ಕೆ. ಈ ಸಮೀಕ್ಷೆಯಲ್ಲಿ ಎರಡೂ ಕಾಲಂ ಇದ್ದಿದ್ದಕ್ಕೇ ಇಳಿದಿದ್ದು ನಮಗೆ ಗೊತ್ತಾಗಿದ್ದು.

ನಮ್ಮ ಅಡುಗೆಯಾಕೆಗೆ ಮುಂದಿನ ತಪಾಸಣೆಗೆ ಹೋದಾಗ "ಮಿಶ್ರಿ ತಿಕ್ಕತೀನ್ರೀ" ಅಂತ ತಾನಾಗೇ ಹೇಳು ಅಂದೆ. ಹೇಳಿದಳು. ನರ್ಸ್ ಸಿಗರೇಟಿನ ಸಾಲಿನ ಪಕ್ಕದ ಖಾಲಿ ಜಾಗದಲ್ಲಿ ಪೆನ್ನಲ್ಲಿ ಬರೆದುಕೊಂಡರಂತೆ. ಬೆಳಗಿನ ಹಸಿವಿಗೆ ನಮ್ಮ ಮನೆಯಲ್ಲೇ ಮೊದಲು ಎರಡು ಚಪಾತಿ ತಿಂದು ಕೆಲಸ ಶುರು ಮಾಡೋದು ಅಂತ ಇಬ್ಬರೂ ಮಾತಾಡಿಕೊಂಡ್ವಿ. ಡಬ್ಬಿ ಪೂರ್ತಿ ಹೋಗಲಿಲ್ಲ, ದಿನಕ್ಕೆ ಐದು ಸಲ ಇದ್ದದ್ದು ಒಂದಕ್ಕೆ ಬಂತು.

ಕೊನೆಗೆ ಒಂದು ನಂಬರ್. ತಂಬಾಕು ಬಿಡೋಕೆ ಸರ್ಕಾರದ ಉಚಿತ ಸಹಾಯವಾಣಿ: 1800-11-2356. ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದವರು ಕನ್ನಡದಲ್ಲೂ ಮಾತಾಡ್ತಾರೆ. ತಂಬಾಕಿನ ಪ್ಯಾಕಿನ ಮೇಲೆ ಇದನ್ನ ಮುದ್ರಿಸ್ತಾರೆ. ತವೆ ಮೇಲೆ ಹುರಿದು ಹಳೇ ಕುಂಕುಮದ ಡಬ್ಬಿಗೆ ತುಂಬಿದ ಮಿಶ್ರಿಗೆ ಪ್ಯಾಕ್ ಇರಲ್ಲ, ಅದಕ್ಕೇ ಇಲ್ಲಿ ಬರೆದೆ.